ಒಂದು ಪೂರ್ತಿ ನಿಮಿಷ

– ಜಗಲಿ ಮೇಲೇ ಕೂತ್ಕೊಮ್ಮ. ಒಳಗೆ ಕತ್ತಲೆ, ಮಳೆ ಹಿಡಿದರೆ ಇಲ್ಲಿ ಕರೆಂಟು ಹೀಗೇ. ಹಾಲಿಲ್ಲದ ಚಹಾ ಆಗುತ್ತಾ? ಇಲ್ಲಿಯವರು ಕಟ್ಟನ್ ಅಂತಾರೆ.

– ಆಗುತ್ತೆ ಮೇಡಂ. ಇದೇನಾ ನೀವು ಕ್ಲಾಸಿನಲ್ಲಿ ಹೇಳ್ತಿದ್ದ ಹೊಳೆ?

– ಇದೇ ಪನಮರಂ ಹೊಳೆ. ಕೆಳಗೆ ಕೂಡಲ್‌ಕಡವಿನಲ್ಲಿ ಮಾನಂದವಾಡಿ ಹೊಳೆ ಬಂದು ಸೇರುತ್ತೆ, ಅಲ್ಲಿಂದಾಚೆ ಇದು ಕಬಿನಿ. ನಂಜನಗೂಡಿನಲ್ಲಿ ನೀವು ಕಪಿಲೆ ಅಂತ ಮುಳುಗು ಹಾಕ್ತೀರಲ್ಲ, ಆ ನೀರು ನಮ್ಮ ಗದ್ದೆ ಬದುವಿನ ಪಕ್ಕದಿಂದ ಹೋದದ್ದು. ಅಲ್ನೋಡು, ಬಿದಿರು ಮೆಳೆಯ ನಡುಗಡ್ಡೆ. ಅದರ ಮೇಲೆ ಬೆಳ್ಳಗೆ ಕಾಣೋದೆಲ್ಲ ಬೆಳ್ಳಕ್ಕಿ. ಮಳೆಗಾಲದಲ್ಲಿ ಗೂಡು ಕಟ್ಟೋಕೆ ಬರ್ತವೆ. ಮೈಸೂರಿನಲ್ಲಿ ಮೂವತ್ತೇಳು ವರ್ಷ ಇದ್ದೆ. ರಾತ್ರಿ ಡ್ಯೂಟಿಯಲ್ಲಿ ವಾರ್ಡಿನ ಬಿಳಿ ಹೊದಿಕೆಗಳ ಸಾಲು ನೋಡಿದಾಗೆಲ್ಲ ಈ ನಡುಗಡ್ಡೆ ನೆನಪಾಗೋದು.

– ನಿಮ್ಮ ಮನೆಮಾತು ಕನ್ನಡ ಅಂತ ನಮ್ಮ ಬ್ಯಾಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇರಳದವರು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದಾರೆ ಅಂದುಕೊಂಡಿದ್ವಿ.

– ನಾವು ಜೈನರು. ಹಿರಿಯರು ಯಾವ ಕಾಲದಲ್ಲೋ ಆ ಕಡೆಯಿಂದ ಕಾಡು ದಾಟಿ ಬಂದವರು. ಇಲ್ಲೇ ಪುತ್ತಂಗಾಡಿ ಬಳಿ ಹಳೇ ಕಲ್ಲಿನ ಎರಡು ಗುಡಿಗಳಿವೆ, ಜನಾರ್ದನಗುಡಿ, ವಿಷ್ಣುಗುಡಿ ಅಂತ ಈಗಿನ ಹೆಸರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ನಾಟಿ ಗದ್ದೆಯಲ್ಲಿ ಪಣಿಯರ ಮಾತು. ಮೂರಕ್ಕೂ ಕಿವಿ ಕೊಟ್ಟು ಬೆಳೆದೆ. ನರ್ಸ್ ಆದವಳಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಸರಿ, ನೀನು ಹೊಳೆ ನೋಡೋಕೆ ಬಂದವಳಲ್ಲ. ಚೀಲದಲ್ಲಿ ಆ ನೀಲಿ ರಟ್ಟು ಕಂಡಾಗಲೇ ಗೊತ್ತಾಯ್ತು. ಲಾಗ್‌ಬುಕ್ ಅಲ್ವಾ?

– ಹೌದು ಮೇಡಂ. ನಲವತ್ತು ಹುಡುಗಿಯರದು ಮೇಜಿನ ಮೇಲಿದೆ, ಒಂದು ಮಾತ್ರ ತಂದೆ. ಇಲ್ಲಿ ನೋಡಿ, ಮಕ್ಕಳ ವಾರ್ಡ್. ಪುಟದ ತುಂಬ ಗಂಟೆ ತುಂಬಿಸಿದಾರೆ. ಈ ಹುಡುಗಿ ಮಕ್ಕಳ ವಾರ್ಡಿನಲ್ಲಿ ನಿಂತದ್ದು ಒಂಬತ್ತೇ ದಿನ. ಕರೆದುಕೊಂಡು ಹೋಗಿದ್ದವಳು ನಾನೇ. ಉಳಿದದ್ದಕ್ಕೆಲ್ಲ ನಾನು ಸಹಿ ಹಾಕಬೇಕಂತೆ. ಹಾಕದಿದ್ದರೆ ಅವಳು ಪರೀಕ್ಷೆಗೆ ಕೂರೋ ಹಾಗಿಲ್ಲ. ತಪ್ಪು ಅವಳದೂ ಅಲ್ಲ. ಒಂದೇ ವಾರ್ಡಿಗೆ ಮೂರು ಕಾಲೇಜಿನ ಮಕ್ಕಳು ಬರ್ತಾರೆ. ಒಂದು ಮಗುವಿನ ಹಾಸಿಗೆ ಸುತ್ತ ಹನ್ನೆರಡು ಜನ ನಿಂತರೆ ಆ ಮಗು ಹೆದರಿ ಅಳುತ್ತೆ, ತಾಯಿ ಬೈತಾಳೆ, ನಾವು ಹೊರಗೆ ಬರ್ತೀವಿ.

– ಮತ್ತೆ ನೀನೇನು ಮಾಡಿದೆ?

– ಸಹಿ ಹಾಕಲಿಲ್ಲ. ಹಾಕಲ್ಲ ಅಂತಲೂ ಹೇಳಲಿಲ್ಲ. ಮೊಬೈಲಿನಲ್ಲಿ ಜರ್ಮನ್ ಪಾಠ ಶುರು ಮಾಡಿದೀನಿ. ಬಿ2 ಮಟ್ಟ ಪಾಸಾದರೆ ದಾರಿ ಇದೆ ಅಂತಾರೆ. ನೀವು ಬೈತೀರಿ ಅಂತ ಗೊತ್ತು.

– ಯಾಕೆ ಬೈಲಿ? ಈ ರಾಜ್ಯದ ಹುಡುಗಿಯರು 1960ರ ದಶಕದಲ್ಲೇ ಜರ್ಮನಿಗೆ ಹೋದವರು. ಆಮೇಲೆ ಗಲ್ಫ್. ಈ ರಸ್ತೆಯಲ್ಲಿ ನೀನು ನೋಡಿದ ಎಷ್ಟೋ ತಾರಸಿ ಮನೆ, ಎಷ್ಟೋ ತಂಗಿಯರ ಓದು ಆ ರಾತ್ರಿ ಡ್ಯೂಟಿಗಳ ದುಡ್ಡು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದ 46 ನರ್ಸ್‌ಗಳು ಜುಲೈ 5ಕ್ಕೆ ಕೊಚ್ಚಿಯಲ್ಲಿ ಇಳಿದದ್ದನ್ನ ಟಿವಿಯಲ್ಲಿ ನೋಡ್ತಾ ಅತ್ತಿದ್ದೆ. ಅವರು ಅಷ್ಟು ದೂರ ಹೋದದ್ದು ಯಾಕೆ? ಊರಿನ ಖಾಸಗಿ ಆಸ್ಪತ್ರೆಯ ಸಂಬಳದಲ್ಲಿ ಓದಿನ ಸಾಲ ತೀರುವ ಹಾಗಿರಲಿಲ್ಲ. ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೆ, 2018ರ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ಖಾಸಗಿ ಆಸ್ಪತ್ರೆಯಲ್ಲೂ ಮೂಲ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಅಂತ ಆದೇಶ ಹೊರಡಿಸಿತು. ಅಲ್ಲಿವರೆಗೆ ಎಷ್ಟು ಜನ ಎಷ್ಟಕ್ಕೆ ದುಡಿದರೋ. ಅದಕ್ಕೇ ಹೋಗೋರನ್ನ ನಾನು ತಡೆಯಲ್ಲ. ನೀನು ಹೋಗೋದಾದರೂ ಈ ಪುಸ್ತಕದ ಲೆಕ್ಕ ಮುಗಿಸಿ ಹೋಗು ಅಂತ ಮಾತ್ರ ಹೇಳ್ತೀನಿ. ಇದನ್ನ ಹೀಗೇ ಬಿಟ್ಟು ಹೋದರೆ ಅಲ್ಲೂ ಇದು ನಿನ್ನ ಹಿಂದೆ ಬರುತ್ತೆ.

– ನೀವು ಯಾವತ್ತಾದರೂ ನೋಡದೇ ಇದ್ದದ್ದನ್ನ ಬರೆದಿದ್ದೀರಾ ಮೇಡಂ?

– ಬರೆದಿದೀನಿ. ಕ್ಲಾಸಿನಲ್ಲಿ ಇದನ್ನ ಹೇಳೋ ಧೈರ್ಯ ಆಗಿರಲಿಲ್ಲ. ಆಗ ನಾನು ಎರಡನೇ ವರ್ಷದಲ್ಲಿದ್ದೆ. ಹೆಂಗಸರ ಮೆಡಿಕಲ್ ವಾರ್ಡು, ರಾತ್ರಿ ಡ್ಯೂಟಿ. ಮೂವತ್ತನಾಲ್ಕು ಹಾಸಿಗೆ, ನೆಲದ ಮೇಲೆ ಇನ್ನಾರು ಜನ. ಒಬ್ಬರು ಸ್ಟಾಫ್ ನರ್ಸ್, ನಾವಿಬ್ಬರು ಸ್ಟೂಡೆಂಟ್ಸ್. ಬೆಳಗಿನ ಜಾವ ನಾಲ್ಕಕ್ಕೆ ಟಿಪಿಆರ್ ಹಿಡಿದರೂ ಆರಕ್ಕೆ ಮುಗಿಯೋದಿಲ್ಲ. ಜ್ವರ ನೋಡಿದೆ, ನಾಡಿ ನೋಡಿದೆ. ಉಸಿರಿನ ಕಾಲಮ್ಮಿಗೆ ಬಂದಾಗ ಎಲ್ಲರೂ ಮಾಡ್ತಿದ್ದದ್ದನ್ನೇ ಮಾಡಿದೆ. ಮೇಲಿಂದ ಕೆಳಗೆ 20, 20, 20.

– ಈಗಲೂ ಹಾಗೇ. ಯಾವ ಕೇಸ್‌ಶೀಟ್ ತೆಗೆದರೂ ಉಸಿರು 20. ಮಕ್ಕಳು ಅದನ್ನ ನೋಡಿ ಅದನ್ನೇ ಕಲೀತಾರೆ.

– ಹನ್ನೆರಡನೇ ಹಾಸಿಗೆಯಲ್ಲಿ ಹೆಗ್ಗಡದೇವನಕೋಟೆ ಕಡೆಯ ಹಾಡಿಯ ಹುಡುಗಿ. ಹದಿಮೂರೋ ಹದಿನಾಲ್ಕೋ. ಮೂಳೆ ನೋವು, ಜ್ವರ ಅಂತ ಸೇರಿಸಿದ್ದರು. ಎರಡು ದಿನ ಬಿಡದೆ ಅತ್ತಳು. ಸುಮ್ಮನೆ ರಂಪ ಮಾಡ್ತಾಳೆ ಅಂತ ಅಕ್ಕಪಕ್ಕದವರು ಗೊಣಗ್ತಿದ್ದರು. ಆ ರಾತ್ರಿ ಅಳು ನಿಂತಿತ್ತು. ಸದ್ಯ, ನೋವು ಕಡಿಮೆ ಆಯ್ತು ಅಂದುಕೊಂಡು ಮುಂದಿನ ಹಾಸಿಗೆಗೆ ಹೋದೆ. ಅಳೋಕೆ ಉಸಿರು ಸಾಲದೆ ಸುಮ್ಮನಾಗಿದ್ದಾಳೆ ಅಂತ ನನಗೆ ಹೊಳೀಲಿಲ್ಲ. ಬೆಳಗ್ಗೆ ವಾರ್ಡ್ ಸಿಸ್ಟರ್ ರಿಪೋರ್ಟ್ ತಗೊಳ್ತಾ ಬಂದವರು ಅವಳ ಮುಂದೆ ನಿಂತುಬಿಟ್ಟರು. ಹೊದಿಕೆ ಬೇಗ ಬೇಗ ಏಳ್ತಿತ್ತು, ಮೂಗಿನ ಹೊಳ್ಳೆ ಅರಳ್ತಿತ್ತು. ಕೈ ಹಿಡಿದು ಎಣಿಸಿದರು. 42. ಎರಡು ಗಂಟೆ ಹಿಂದೆ ನಾನು ಬರೆದದ್ದು 20.

– ಆಮೇಲೆ?

– ಡಾಕ್ಟರು ಓಡಿ ಬಂದರು, ಆಕ್ಸಿಜನ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಹೋದಳು. ನಾನು ಎಣಿಸಿದ್ದರೆ ಉಳೀತಿದ್ದಳಾ? ಇಷ್ಟು ವರ್ಷ ಆಯ್ತು, ನನ್ನ ಹತ್ತಿರ ಉತ್ತರ ಇಲ್ಲ. ಅವಳ ಅಜ್ಜಿ ಹೋಗುವಾಗ ನನ್ನ ಕೈ ಹಿಡಿದು, ರಾತ್ರಿಯೆಲ್ಲ ಎದ್ದಿದ್ದೆಯಲ್ಲ ತಾಯಿ ಅಂದಳು. ಆ ಮಾತು ಮಾತ್ರ ಬೇಡವಾಗಿತ್ತು.

– ಸಿಸ್ಟರ್ ಏನಂದರು?

– ಬೈಯಲಿಲ್ಲ. ನನ್ನ 20 ಹೊಡೆದು ಹಾಕಲೂ ಇಲ್ಲ. ಅದರ ಪಕ್ಕ ಗಂಟೆ ಹಾಕಿ 42 ಅಂತ ಬರೆದು ತಮ್ಮ ಸಹಿ ಮಾಡಿದರು. ಮರುದಿನದಿಂದ ಒಂದು ವಾರ, ತಮ್ಮ ಡ್ಯೂಟಿ ಶುರುವಾಗೋಕೆ ಎರಡು ಗಂಟೆ ಮೊದಲೇ ಬಂದು, ಪ್ರತಿ ಹಾಸಿಗೆಯ ಪಕ್ಕ ನನ್ನ ಜೊತೆ ನಿಂತರು. ನಾಡಿ ಎಣಿಸು. ಎಣಿಸಿಯಾಯ್ತಾ? ಕೈ ಬಿಡಬೇಡ, ನಾಡಿ ನೋಡ್ತಿದಾಳೆ ಅಂತಲೇ ರೋಗಿ ಅಂದುಕೊಂಡಿರಲಿ. ಈಗ ಕಣ್ಣು ಎದೆ ಮೇಲೆ. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಡ, ಒಂದು ಪೂರ್ತಿ ನಿಮಿಷ. ಉಸಿರು ಎಣಿಸ್ತಿದಾರೆ ಅಂತ ಗೊತ್ತಾದರೆ ಯಾರ ಉಸಿರೂ ಸಹಜವಾಗಿರಲ್ಲ ಅಂತ ಆಗ ಕಲಿತೆ. ಪುಸ್ತಕದಲ್ಲೂ ಅದು ಇತ್ತು, ಓದಿ ಮಾರ್ಕ್ಸೂ ತಗೊಂಡಿದ್ದೆ. ಕೈಗೆ ಬಂದದ್ದು ಅವರು ಪಕ್ಕ ನಿಂತ ಮೇಲೆ.

– ನಮಗೂ ನೀವು ಹಾಗೇ ನಿಂತಿದ್ರಿ. ಗೋಡೆ ಗಡಿಯಾರ ಕೆಟ್ಟಿದ್ದಾಗ ನಿಮ್ಮ ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ರಿ. ಆ ಹುಡುಗಿಗೆ ಏನಾಗಿತ್ತು ಅಂತ ಆಮೇಲಾದರೂ ಗೊತ್ತಾಯ್ತಾ?

– ಖಚಿತವಾಗಿ ಹೇಳೋ ಪರೀಕ್ಷೆ ಯಾರೂ ಮಾಡಿಸಲಿಲ್ಲ. ಆದರೆ ಆಮೇಲೆ ಒಂದು ಸಲ ರಜಕ್ಕೆ ಊರಿಗೆ ಬಂದಾಗ ಮುಟ್ಟಿಲ್‌ನ ವಿವೇಕಾನಂದ ಮೆಡಿಕಲ್ ಮಿಷನ್ ಆಸ್ಪತ್ರೆಯ ವಿಷಯ ಕೇಳಿದೆ. ಡಾಕ್ಟರ್ ಧನಂಜಯ ಸಗ್ದೇವ್ ಅಂತ, ನಾಗಪುರದ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು. 2021ರಲ್ಲಿ ಪದ್ಮಶ್ರೀ ಬಂತು. ಮೂಳೆ ಸಂದು ನೋವು ಅಂತ ಮತ್ತೆ ಮತ್ತೆ ಬರುವ ಇಲ್ಲಿಯ ಬುಡಕಟ್ಟಿನವರಲ್ಲಿ, ವಯನಾಡು ಚೆಟ್ಟಿಗಳಲ್ಲಿ, ಕುಡಗೋಲು ಕಣದ ರಕ್ತಹೀನತೆ ಇದೆ ಅಂತ ಗುರುತಿಸಿ ಅದಕ್ಕಾಗಿ ದುಡಿದವರು. ಸಿಕಲ್ ಸೆಲ್ ಅಂತೀವಲ್ಲ, ಅದೇ. ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತೆ, ಅದರ ಮುಂದಿನ ಭಾಗಕ್ಕೆ ರಕ್ತ ಹೋಗಲ್ಲ. ಅದರ ನೋವು ಎಂಥದು ಅಂದರೆ ದೊಡ್ಡವರೂ ಕೂಗಿ ಅಳ್ತಾರೆ. ಚಳಿ ಬಿದ್ದರೆ, ನೀರು ಕುಡಿಯದಿದ್ದರೆ, ಜ್ವರ ಬಂದರೆ ಹೆಚ್ಚುತ್ತೆ. ಅದೇ ತೊಂದರೆ ಶ್ವಾಸಕೋಶದಲ್ಲಿ ಆದರೆ ಮೊದಲು ಏರೋದು ಉಸಿರಿನ ಎಣಿಕೆ. ಕೇಳಿಸಿಕೊಳ್ತಾ ಇದ್ದಾಗ ನನಗೆ ಹನ್ನೆರಡನೇ ಹಾಸಿಗೆ ಕಣ್ಣಿಗೆ ಬಂತು. ರಂಪ ಅಂತಿದ್ದರಲ್ಲ, ಅದು ನೆನಪಾಯ್ತು.

– 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ಮಿಷನ್‌ನಲ್ಲಿ ನಮ್ಮ ಮಕ್ಕಳೂ ಹಾಡಿಗಳಿಗೆ ರಕ್ತ ಪರೀಕ್ಷೆಗೆ ಹೋಗಿದ್ದರು. ನಲವತ್ತು ವರ್ಷದ ಒಳಗಿನ 7 ಕೋಟಿ ಜನರ ತಪಾಸಣೆ, 2047ಕ್ಕೆ ಕಾಯಿಲೆ ನಿರ್ಮೂಲನೆ ಅಂತ ಗುರಿ. ನಾವು ಬೆರಳು ಚುಚ್ಚಿ, ಕಾರ್ಡು ಕೊಟ್ಟು ಬಂದ್ವಿ.

– ಕಾರ್ಡು ಬೇಕು. ಕಾರ್ಡು ಕೊಟ್ಟವಳು ಮುಂದಿನದನ್ನೂ ಹೇಳಿಕೊಡಬೇಕು. ಮಗುವಿಗೆ ಬೆಚ್ಚಗೆ ಹೊದಿಸಿ, ನೀರು ಜಾಸ್ತಿ ಕೊಡಿ, ಜ್ವರ ಬಂದರೆ ನಾಳೆಗೆ ತಳ್ಳಬೇಡಿ. ಕಪ್ಪು ಮೈಬಣ್ಣದವರಲ್ಲಿ ಬಿಳಿಚಿಕೊಂಡದ್ದು ಕೆನ್ನೆಯಲ್ಲಿ ಕಾಣಲ್ಲ; ಕೆಳರೆಪ್ಪೆ ಎಳೆದು ನೋಡಬೇಕು, ಅಂಗೈ ನೋಡಬೇಕು, ನಾಲಿಗೆ ನೋಡಬೇಕು. ಇದನ್ನ ಸ್ಲೈಡಿನಲ್ಲಿ ತೋರಿಸಿದರೆ ಅರ್ಧ ಗೊತ್ತಾಗುತ್ತೆ. ಹುಡುಗಿಯ ಬೆರಳು ಹಿಡಿದು ಒಬ್ಬರ ಕೆಳರೆಪ್ಪೆ ಮೇಲೆ ಇಡಿಸಿದರೆ ಜೀವಮಾನ ಮರೆಯಲ್ಲ.

– ಯಾರು ಇಡಿಸೋದು ಮೇಡಂ? ಹತ್ತು ವಿದ್ಯಾರ್ಥಿಗೆ ಒಬ್ಬ ಟೀಚರ್ ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ಕಾಗದದ ಮೇಲೆ ನಮ್ಮಲ್ಲೂ ಇದೆ. ವಾರ್ಡಿನಲ್ಲಿ ನಾನು ಒಬ್ಬಳೇ, ನಲವತ್ತು ಮಕ್ಕಳು. ವಾರ್ಡಿನ ಸಿಸ್ಟರ್‌ಗಳಿಗೆ ಕಲಿಸಿ ಅಂತ ಹೇಳೋಕೆ ಬಾಯಿ ಬರಲ್ಲ. ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಅಂತ ಅದೇ ಕೌನ್ಸಿಲ್ ಹೇಳುತ್ತೆ. ನಾನು ನೋಡಿದ ವಾರ್ಡಿನಲ್ಲಿ ಮೂವತ್ತಕ್ಕೆ ಒಬ್ಬರು.

– ಅದರ ಬೆಲೆ ಎಷ್ಟು ಅಂತ ಅಳೆದು ನೋಡಿದಾರೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಿಂಡಾ ಏಕೆನ್ ಮತ್ತು ಜೊತೆಗಾರರ ಅಧ್ಯಯನ ಬಂತಲ್ಲ. ಯುರೋಪಿನ 9 ದೇಶ, 300 ಆಸ್ಪತ್ರೆ, ಶಸ್ತ್ರಚಿಕಿತ್ಸೆ ಆದ 4 ಲಕ್ಷಕ್ಕೂ ಹೆಚ್ಚು ರೋಗಿಗಳು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತೆ. ಪದವಿ ಓದಿದ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಾದರೆ ಅದೇ ಶೇ 7ರಷ್ಟು ಇಳಿಯುತ್ತೆ. ಓದೂ ಜೀವ ಉಳಿಸುತ್ತೆ, ಪಕ್ಕದಲ್ಲಿ ಇರೋದೂ ಜೀವ ಉಳಿಸುತ್ತೆ. ನಾವು ಓದಿನ ಕಟ್ಟಡ ಕಟ್ಟೋದಕ್ಕೆ ಮಾತ್ರ ಅವಸರ ಮಾಡ್ತೀವಿ. 2023ರ ಬಜೆಟ್‌ನಲ್ಲಿ 157 ಹೊಸ ನರ್ಸಿಂಗ್ ಕಾಲೇಜು ಅಂತ ಹೇಳಿದರು. ಮೆಡಿಕಲ್ ಕಾಲೇಜುಗಳ ಜೊತೆಗೇ ಮಾಡ್ತೀವಿ ಅಂದದ್ದು ನನಗೆ ಸಮಾಧಾನ. ಹಾಸಿಗೆ ಇರೋ ಕಡೆ ಶಾಲೆ ಇರಬೇಕು. 1860ರಲ್ಲಿ ಲಂಡನ್ನಿನಲ್ಲಿ ನೈಟಿಂಗೇಲ್ ಶಾಲೆ ಶುರುವಾದದ್ದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ. ನಮ್ಮ ಮೈಸೂರಿನಲ್ಲಿ 1906ರ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹುಡುಗಿಯರೂ ವಾರ್ಡಿನಲ್ಲಿ ದುಡಿದುಕೊಂಡೇ ಕಲಿತವರು. ಈ ಪುಟ್ಟ ಪನಮರಂನಲ್ಲೂ ಸರ್ಕಾರಿ ನರ್ಸಿಂಗ್ ಶಾಲೆ ಇದೆ. ಬೆಳಗ್ಗೆ ಯೂನಿಫಾರಂ ಹಾಕಿಕೊಂಡು ಹೋಗುವ ಮಕ್ಕಳನ್ನ ನೋಡೋಕೆ ನಾನು ಒಂದೊಂದು ದಿನ ಗೇಟಿನ ಹತ್ತಿರ ನಿಲ್ತೀನಿ.

– ಹಳೇ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತೀರಾ?

– ಇಲ್ಲಮ್ಮ. ಸಿರಿಂಜು ಕುದಿಸಿ, ಸೂಜಿ ಕಲ್ಲಿಗೆ ಮಸೆದು, ಮಧ್ಯಾಹ್ನವೆಲ್ಲ ಗಾಜ್ ಕತ್ತರಿಸಿ ಮಡಚಿದ್ದೇವೆ. ಅದರಲ್ಲಿ ಕಲಿಕೆ ಎಷ್ಟು, ಬಿಟ್ಟಿ ದುಡಿಮೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಡಾಕ್ಟರ್ ಎದುರು ಕೂರೋ ಹಾಗಿರಲಿಲ್ಲ. ನಿಮ್ಮದು ಸ್ಪಷ್ಟವಾಗಿ ಓದು. ಸರ್ಕಾರ ಈಗ ಶುಶ್ರೂಷಾಧಿಕಾರಿ ಅನ್ನುತ್ತೆ, ಆ ಹೆಸರು ನನಗೆ ಇಷ್ಟ. 1947ರ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಆ ಆಯೋಗ ಒಂದು ಕೆಲಸ ಮಾಡಿದರೆ ಸಾಕು: ತಪಾಸಣೆಗೆ ಬಂದವರು ಲ್ಯಾಬು, ಲೈಬ್ರರಿ ನೋಡಿ ಊಟ ಮಾಡಿ ಹೋಗೋದು ಬಿಟ್ಟು, ಬೆಳಗ್ಗೆ ಏಳಕ್ಕೆ ವಾರ್ಡಿಗೆ ಬಂದು ಟೀಚರ್ ಎಲ್ಲಿ ನಿಂತಿದಾಳೆ ಅಂತ ನೋಡಲಿ.

– ಮಾತಿನ ವಿಷಯ ಹೇಳ್ತಿದ್ರಿ. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಹೊರಗಿನವರು. ಕೇರಳ, ಮಣಿಪುರ, ಬಂಗಾಳ. ರೋಗಿ ಏನಂತಾರೆ ಅಂತಲೇ ಅವರಿಗೆ ತಿಳಿಯಲ್ಲ.

– ಮೊದಲ ವಾರ ಬೇರೇನೂ ಬೇಡ, ನೋವಿನ ಮಾತು ಕಲಿಸು. ನೋವು ಅನ್ನೋ ಮಾತು ಮಲಯಾಳದಲ್ಲೂ ನೋವೇ. ಅಲ್ಲಿಂದ ಶುರು ಮಾಡು. ಸಂಕಟ ಅಂದರೆ ಹೊಟ್ಟೆಯದೋ ಮನಸ್ಸಿನದೋ ಕೇಳಬೇಕು. ಬೇನೆ ಬಂತು ಅಂದರೆ ಹೆರಿಗೆ ಕೋಣೆ ಸಿದ್ಧ ಮಾಡಬೇಕು. ತಿಂಗಳು ನಿಂತಿದೆ, ಹೊರಗಾಗಿದೀನಿ, ಸೆಳೆತ, ಉರಿ, ಜುಮ್ಮು, ತಲೆ ಗಿರ್ರನ್ನೋದು. ಹೀಗೆ ನೂರು ಮಾತು ಬರೆಸಿ ಗೋಡೆಗೆ ಅಂಟಿಸಿದ್ದೆ, ನೆನಪಿದೆಯಾ? ಊರಿನ ಕಥೆ ತಿಳಿಯದೆ ಸರಿಯಾದ ಪ್ರಶ್ನೆಯೂ ಹುಟ್ಟಲ್ಲ. ಬೇಸಿಗೆಯಲ್ಲಿ ಕಾಡಿನಂಚಿನಿಂದ ಜ್ವರ, ತಲೆನೋವು ಅಂತ ಬಂದವರನ್ನ, ಮಂಗ ಸತ್ತು ಬಿದ್ದಿದ್ದು ನೋಡಿದಿರಾ, ಮೈಯಲ್ಲಿ ಉಣ್ಣೆ ಕಚ್ಚಿತ್ತಾ ಅಂತ ಕೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ವಯನಾಡಿಗೂ ಬಂದಿದೆ, 2015ರಲ್ಲಿ ಇಲ್ಲಿ ಜೋರಾಗಿತ್ತು. ಆ ಒಂದು ಪ್ರಶ್ನೆ ಕೇಳೋಕೆ ಯಾವ ಯಂತ್ರವೂ ಬೇಡ.

– ಜನ ನಮ್ಮನ್ನ ನೆನೆಯೋದು ಮಾತ್ರ ದೊಡ್ಡ ಅನಾಹುತ ಆದಾಗ.

– ಲಿನಿ ಪುದುಶ್ಶೇರಿಯನ್ನ ನಾನು ದಿನಾ ನೆನೀತೀನಿ. ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿ 2018ರ ಮೇ 21ಕ್ಕೆ ಹೋದಳು. ಎರಡು ಪುಟ್ಟ ಮಕ್ಕಳು. ಇಲ್ಲೇ ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ, 2024ರ ಜುಲೈನಲ್ಲಿ, ನೀಲಗಿರಿಯಿಂದ ಬಂದ ನರ್ಸ್ ಸಬೀನಾ ಉಕ್ಕುವ ಹೊಳೆಯನ್ನ ಹಗ್ಗದಲ್ಲಿ ಜೋತು ದಾಟಿದಳು. ಆ ಇಬ್ಬರಿಗೂ ಕೈ ಮುಗೀತೀನಿ. ಆದರೆ ಕಾಯಿಲೆ ಏನು ಅಂತ ಯಾರಿಗೂ ಗೊತ್ತಿಲ್ಲದ ದಿನ ಲಿನಿ ಮಾಡಿದ್ದು ದಿನದ ಕೆಲಸ. ಮೈ ಒರೆಸೋದು, ಮಗ್ಗಲು ಬದಲಿಸೋದು, ನೀರು ಕುಡಿಸೋದು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದ್ದರಿಂದ ಬಾರದೇ ಹೋದ ಬೆನ್ನ ಹುಣ್ಣಿಗೆ ಯಾರೂ ಶಾಲು ಹೊದಿಸಲ್ಲ. ಆ ಕೆಲಸವನ್ನ ಯಾರೂ ನೋಡದಾಗಲೂ ಮಾಡೋ ಹಾಗೆ ಹುಡುಗಿಯರನ್ನ ಬೆಳೆಸೋದು ನಿನ್ನ ಕೆಲಸ. ನೀನೇ ನೋಡದ್ದಕ್ಕೆ ಸಹಿ ಹಾಕಿದರೆ ಅವರು ಏನು ಕಲೀತಾರೆ?

– ಸಹಿ ಹಾಕದಿದ್ದರೆ ಈ ಹುಡುಗಿಯ ವರ್ಷ ಹೋಗುತ್ತೆ ಮೇಡಂ. ಅವಳ ತಂದೆ ಶುಂಠಿ ಹೊಲದಲ್ಲಿ ಕೂಲಿ. ಅವಳಿಗೆ ನ್ಯಾಯ ಎಲ್ಲಿ?

– ಪರೀಕ್ಷೆಗೆ ಎಷ್ಟು ದಿನ ಇದೆ?

– ಎರಡು ತಿಂಗಳು ಹತ್ತು ದಿನ.

– ಹಾಗಿದ್ದರೆ ಖಾಲಿ ಇರೋ ಗಂಟೆ ಖಾಲಿಯೇ ಇರಲಿ, ತುಂಬಿಸೋಕೆ ಟೈಮ್ ಇದೆ. ನಲವತ್ತು ಮಕ್ಕಳನ್ನ ಒಟ್ಟಿಗೆ ಹಗಲಲ್ಲಿ ಕರೆದುಕೊಂಡು ಹೋದರೆ ಮೂರು ಕಾಲೇಜಿನ ನೂಕುನುಗ್ಗಲು. ಬೆಳಗಿನ ಜಾವ ನಾಲ್ಕರಿಂದ ಎಂಟು, ಸಂಜೆ ಐದರಿಂದ ಒಂಬತ್ತು, ಭಾನುವಾರ. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ನರ್ಸ್ ಒಬ್ಬಳೇ ಇರ್ತಾಳೆ, ಕೈ ಸೇರಿಸೋರು ಬಂದರೆ ಬೇಡ ಅನ್ನಲ್ಲ. ಐದೈದು ಜನ ಮಾಡು. ಈ ವಾರ ಪ್ರಿನ್ಸಿಪಾಲರ ಹತ್ತಿರ ದಿನ, ಗಂಟೆ, ಹೆಸರು ಬರೆದುಕೊಂಡು ಹೋಗು. ಬರೀ ದೂರು ಹೇಳೋಕೆ ಹೋದರೆ ಬಾಗಿಲು ಹಾಕ್ತಾರೆ, ಲೆಕ್ಕ ತಗೊಂಡು ಹೋದರೆ ಕೂರಿಸ್ತಾರೆ. ಮಕ್ಕಳ ವಾರ್ಡಿನಲ್ಲಿ ಮೊದಲ ದಿನ ಏನು ಕಲಿಸ್ತೀಯ?

– ಉಸಿರು. ಎರಡು ತಿಂಗಳ ಒಳಗಿನ ಮಗುವಿಗೆ ನಿಮಿಷಕ್ಕೆ 60 ಮುಟ್ಟಿದರೆ, ವರ್ಷದ ಒಳಗೆ 50, ಐದು ವರ್ಷದ ಒಳಗೆ 40 ಮುಟ್ಟಿದರೆ ನ್ಯುಮೋನಿಯಾ ಅಂತ ಅನುಮಾನ ಪಡಬೇಕು. ಮಗು ಅಳ್ತಿದ್ದರೆ ಎಣಿಸಬಾರದು, ಸಮಾಧಾನ ಆಗೋವರೆಗೆ ಕಾಯಬೇಕು. ಅಂಗಿ ಎತ್ತಿ ಪಕ್ಕೆ ಒಳಗೆ ಎಳೀತಿದೆಯಾ ನೋಡಬೇಕು. ಆದರೂ ನಲವತ್ತು ಜನಕ್ಕೆ ನಾನೊಬ್ಬಳು ಮೇಡಂ. ಬೆಳಗ್ಗೆ ನಾಲ್ಕಕ್ಕೂ ನಾನೇ, ರಾತ್ರಿ ಒಂಬತ್ತಕ್ಕೂ ನಾನೇ.

– ಮಕ್ಕಳ ವಾರ್ಡಿನ ಇನ್‌ಚಾರ್ಜ್ ಯಾರು ಈಗ?

– ನಮ್ಮ ಸೀನಿಯರ್. ನಿಮ್ಮ ವಿದ್ಯಾರ್ಥಿನಿಯೇ.

– ನಂಬರ್ ಕೊಡು, ರಾತ್ರಿ ಮಾತಾಡ್ತೀನಿ. ಬೆಳಗಿನದು ನನಗಿರಲಿ, ನಾಲ್ಕಕ್ಕೆ ಹೇಗೂ ಎಚ್ಚರ ಆಗುತ್ತೆ. ನಿಮ್ಮ ಮನೆಯಲ್ಲಿ ಒಂದು ಚಾಪೆ ಜಾಗ ಇದ್ದರೆ ಸಾಕು. ಗದ್ದೆ ನೋಡಿಕೊಳ್ಳೋಕೆ ತಮ್ಮ ಇದಾನೆ.

– ಮೇಡಂ, ಈ ವಯಸ್ಸಿನಲ್ಲಿ ನೀವು...

– ಏಳು, ಬಸ್ಸಿಗೆ ಹೊತ್ತಾಯ್ತು. ಸಂಜೆ ಆರಕ್ಕೆ ಬಾವಲಿ ಗೇಟು ಮುಚ್ಚಿಬಿಟ್ಟರೆ ಬೆಳಗ್ಗೆವರೆಗೆ ಕಾಡು ದಾಟೋ ಹಾಗಿಲ್ಲ. ಆ ಪುಸ್ತಕ ಒದ್ದೆ ಆಗದ ಹಾಗೆ ಇಟ್ಕೊ. ಮತ್ತೆ, ಆ ಗೋಡೆ ಗೂಡಿನಲ್ಲಿ ನನ್ನ ವಾಚ್ ಇದೆ, ಸೆಕೆಂಡ್ ಮುಳ್ಳಿನದು, ತಗೊಂಡು ಹೋಗು. ನಿಂತು ವರ್ಷ ಆಯ್ತು. ಮೈಸೂರಿನಲ್ಲಿ ಸೆಲ್ ಹಾಕಿಸಿಡು, ನಾನು ಬರೋದರೊಳಗೆ.